ನಾಲ್ಕು ಗಂಟೆಯ ನೆರಳು

"ಇಳೀರಿ ಕೆಳಗೆ! ಈಗಲೇ ಇಳೀರಿ!"

ಏಣಿಯ ಎಂಟನೇ ಮೆಟ್ಟಿಲಿನಲ್ಲಿ ನಿಂತಿದ್ದ ಅವಳ ಕೈಯಲ್ಲಿ ಬ್ರಷ್ಷು ನಡುಗಿತು. ನೀಲಿ ಬಣ್ಣದ ದಪ್ಪ ಹನಿಯೊಂದು ನೇರವಾಗಿ ಕೆಳಗೆ ಬಿತ್ತು... ಕೂಗಿದವನ ಹಣೆಯ ಮೇಲೆ!

ಸುತ್ತ ನಿಂತಿದ್ದ ಇಪ್ಪತ್ತೆರಡು ಮಕ್ಕಳು ಉಸಿರು ಬಿಗಿಹಿಡಿದರು. ಒಬ್ಬಳು ಮಾತ್ರ ಕಿಸಕ್ಕನೆ ನಕ್ಕಳು. ಆ ಹುಡುಗಿಗೆ ಇಡೀ ಶಾಲೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವನು ಅಂಗೈಯಿಂದ ಹಣೆ ಒರೆಸಿಕೊಂಡ. ನೀಲಿ ಇನ್ನೂ ಅಗಲವಾಯಿತು.

"ಯಾರ್ರೀ ನೀವು? ಮೊದಲು ಏಣಿ ಬಿಡಿ!" ಅವಳು ಮೇಲಿನಿಂದಲೇ ಗದರಿದಳು.

"ಈ ಏಣಿ ನಂದು."

"ಏನು?"

"ಏಣಿ ನಂದು ಅಂದೆ. ಅಲ್ಲಿ ಕಂಬಿಗೆ ಬಣ್ಣ ಹಚ್ತಿದ್ದೆ. ನೀರು ಕುಡಿದು ಬರೋಷ್ಟರಲ್ಲಿ ಏಣಿ ಮಾಯ."

ಅವಳ ಮುಖ ಕೆಂಪಾಯಿತು. ಆದರೂ ಸೋಲುವ ಹೆಣ್ಣಲ್ಲ ಅವಳು. "ಪಾರ್ಕಲ್ಲಿರೋ ಏಣಿ ಪಾರ್ಕಿಂದು ಅಂದ್ಕೊಂಡೆ."

"ಹಾಗಾದ್ರೆ ಪಾರ್ಕಲ್ಲಿರೋ ನಾನು?"

ಮಕ್ಕಳು ಹೋ ಎಂದು ನಕ್ಕರು. ಅವಳು ದಡದಡನೆ ಇಳಿದು ಬಂದು ಅವನೆದುರು ನಿಂತಳು. ಹತ್ತಿರದಿಂದ ನೋಡಿದರೆ ಅವನ ರೆಪ್ಪೆಯ ಮೇಲೂ ಬಣ್ಣದ ಚುಕ್ಕೆಗಳಿದ್ದವು. ನಲವತ್ತರ ಆಸುಪಾಸಿನ, ಬಿಸಿಲಿಗೆ ಬೆಂದ ಮುಖ. ಆ ಕಣ್ಣುಗಳಲ್ಲಿ ಮಾತ್ರ...

'ಸಾಕು, ನೋಡಿದ್ದು ಸಾಕು' ಎಂದು ಅವಳು ತನಗೆ ತಾನೇ ಬೈದುಕೊಂಡಳು.

"ಏಣಿ ಇಟ್ಕೊಳ್ಳಿ ಬೇಕಾದ್ರೆ," ಅವನೆಂದ. "ನಾನು ಕೂಗಿದ್ದು ಅದಕ್ಕಲ್ಲ. ಈ ಗೋಡೆಗೆ ಗಾರೆ ಮೆತ್ತಿ ಎಷ್ಟು ದಿನ ಆಯ್ತು ಗೊತ್ತಾ? ಆರು ದಿನ! ಹಸಿ ಗೋಡೆಗೆ ಯಾರಾದ್ರೂ ಬಣ್ಣ ಹಚ್ತಾರಾ?"

"ಹದಿಮೂರು ವರ್ಷದಿಂದ ಚಿತ್ರಕಲೆ ಕಲಿಸ್ತಿದ್ದೀನಿ ನಾನು."

"ಕಾಗದದ ಮೇಲೆ," ಎಂದ ಅವನು.

ಅದೊಂದು ಪದ ಮುಳ್ಳಿನ ಹಾಗೆ ನೆಟ್ಟಿತು.

ಅವನು ಮತ್ತೇನೂ ಹೇಳದೆ ಗೋಡೆಯ ಹತ್ತಿರ ಹೋಗಿ ಹೆಬ್ಬೆರಳ ಉಗುರು ಆನಿಸಿ ಎಳೆದ. ಬೆಳಿಗ್ಗೆಯಿಂದ ಮಕ್ಕಳು ಬಳಿದಿದ್ದ ಆಕಾಶ ಈರುಳ್ಳಿ ಸಿಪ್ಪೆಯಂತೆ ಅಂಗೈ ಅಗಲ ಸುಲಿದು ಬಂತು. ಮಕ್ಕಳ ಮುಖ ಬಾಡಿತು. 

ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ತಪ್ಪು ತನ್ನದೆಂದು ಗೊತ್ತಾದ ಮೇಲೆ ಅವಳು ಸುತ್ತಿ ಬಳಸಿ ಮಾತಾಡಿದವಳಲ್ಲ.

"ಗೊತ್ತಿರಲಿಲ್ಲ," ಎಂದಳು. "ಈಗ ಏನು ಮಾಡ್ಬೇಕು ಹೇಳಿ."

ಅವನು ಬೆರಗಾಗಿ ನೋಡಿದ. ಬಹುಶಃ ಇನ್ನೊಂದು ಜಗಳಕ್ಕೆ ಸಿದ್ಧನಾಗಿ ನಿಂತಿದ್ದ, ಪಾಪ!

"ಇಪ್ಪತ್ತೊಂದು ದಿನ ಕಾಯಬೇಕು," ಎಂದ. ದನಿ ಮೆತ್ತಗಾಗಿತ್ತು. "ಆಮೇಲೆ ನಾನೇ ಹೇಳ್ಕೊಡ್ತೀನಿ."

* * *

ಆ ಗೋಡೆಯ ಕಥೆ ಸ್ವಲ್ಪ ಹೇಳಬೇಕು.

ಪಾರ್ಕಿನ ಪೂರ್ವದ ಗೋಡೆ ಅದು. ಉದ್ಯಾನ ಸಮಿತಿಯ ಅಧ್ಯಕ್ಷರೇ ಶಾಲೆಗೆ ಪತ್ರ ಬರೆದು, "ಮಕ್ಕಳಿಂದ ಹೂವು, ಚಿಟ್ಟೆ ಬರೆಸಿಕೊಡಿ" ಎಂದು ಕೇಳಿದ್ದರು. ಉತ್ತಮ ಪಾರ್ಕಿನ ಸ್ಪರ್ಧೆಗೆ ತೀರ್ಪುಗಾರರು ಬರುವವರಿದ್ದರು. ಮಕ್ಕಳ ಚಿತ್ರವಿದ್ದರೆ ಅಂಕ ಹೆಚ್ಚಂತೆ.

ಆದರೆ ಕಾಯುವ ದಿನಗಳಲ್ಲಿ ಪಾರ್ಕಿಗೆ ದಿನವೂ ಬರತೊಡಗಿದ ಮಕ್ಕಳಿಗೆ ಹೂವಿಗಿಂತ ಬೇರೆಯದೇ ಕಂಡಿತು. ಬೆಂಚಿನ ತುದಿಯಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಊಟ ಮಾಡುವ ಇಬ್ಬರು ನರ್ಸುಗಳು. ಗಾಲಿಕುರ್ಚಿಯ ಹುಡುಗಿ. ನಿಂತೇ ನಿದ್ದೆ ಮಾಡುವ ಕಾವಲುಗಾರ. ಮೂರು ಕಾಲಿನ ನಾಯಿ. ಮತ್ತೆ, ಮೂವತ್ತಾರು ವರ್ಷ ಅದೇ ಪಾರ್ಕನ್ನು ಗುಡಿಸಿ, ಈಗ ಮಂಡಿ ಸೋತು ಬೆಂಚು ಹಿಡಿದ ಅಜ್ಜಿ.

"ಮಿಸ್, ಹೂವು ಎಲ್ಲಾ ಕಡೆ ಇರುತ್ತೆ. ಇವರು ಇಲ್ಲಿ ಮಾತ್ರ ಇರೋದು," ಎಂದಳು ಮೆಣಸಿನಕಾಯಿ.

ಮಿಸ್ಸಿಗೆ ಮೈ ಜುಮ್ಮೆಂದಿತು. ಹೌದಲ್ಲ!

ಆದರೆ ಹದಿಮೂರು ವರ್ಷದ ಮಕ್ಕಳು ಅಷ್ಟೆತ್ತರದ ಮನುಷ್ಯರನ್ನು ಗೋಡೆಯ ಮೇಲೆ ಹೇಗೆ ಬರೆದಾರು? ಉಪಾಯ ಅವಳಿಗೇ ಹೊಳೆಯಿತು. ಸಂಜೆ ನಾಲ್ಕಕ್ಕೆ ಪಡುವಣದ ಬಿಸಿಲು ಬೆನ್ನ ಹಿಂದಿನಿಂದ ಬಂದು, ಗೋಡೆಯ ಮುಂದೆ ನಿಂತವರ ನೆರಳನ್ನು ಸೊಗಸಾಗಿ ಅಚ್ಚೊತ್ತುತ್ತಿತ್ತು. ಆ ನೆರಳಿನ ಸುತ್ತ ಇದ್ದಿಲಿನ ಗೆರೆ. ಆಮೇಲೆ ಒಳಗೆ ಬಣ್ಣ, ಮುಖ, ಬಟ್ಟೆ.

"ನಿಯಮ ಒಂದೇ," ಎಂದು ಸಾರಿದಳು. "ನಾಲ್ಕು ಗಂಟೆಗೆ ಗೋಡೆ ಮೇಲೆ ಯಾರ ನೆರಳು ಬಿದ್ರೂ ಅದಕ್ಕೆ ಗೆರೆ. ದೊಡ್ಡವರು, ಚಿಕ್ಕವರು, ನಾಯಿ, ನರಿ... ಯಾರನ್ನೂ ಬಿಡೋ ಹಾಗಿಲ್ಲ!"

ಗೋಡೆ ಒಣಗಿದ ಮೇಲೆ ಮೊದಲು ನಿಂತವಳು ಅಜ್ಜಿ.

"ಸೊಂಟ ಸ್ವಲ್ಪ ಸಣ್ಣ ಮಾಡ್ರೋ ಮಕ್ಕಳಾ," ಎಂದು ಕೂಗಿದಳು. "ಗೋಡೆ ಮೇಲಾದ್ರೂ ಸಣ್ಣಗಿರ್ತೀನಿ!"

"ಸುಮ್ನೆ ನಿಂತ್ಕೋ ಅವ್ವ," ಎಂದ ಪೇಂಟರ್.

ಮಿಸ್ ತಟ್ಟನೆ ತಿರುಗಿದಳು. "ಇವರು ನಿಮ್ಮ ತಾಯೀನಾ?"

"ಹ್ಞೂಂ. ಈ ಪಾರ್ಕಲ್ಲೇ ಬೆಳೆದೋನು ನಾನು. ಎಲೆ ರಾಶಿ ಮೇಲೆ ಮಲಗಿಸಿ ಗುಡಿಸ್ತಿದ್ಲು. ಮೂವತ್ತಾರು ವರ್ಷದಲ್ಲಿ ಯಾರೂ ಅವಳದ್ದೊಂದು ಫೋಟೋ ತೆಗೆದಿರಲಿಲ್ಲ..." ಅವನು ಡಬ್ಬಿಯ ಬಣ್ಣವನ್ನು ಕಡ್ಡಿಯಿಂದ ಸುಮ್ಮನೆ ಕಲಕಿದ. ಕಲಕಬೇಕಾಗಿಯೇ ಇರಲಿಲ್ಲ ಅದನ್ನು.

ಅವಳ ಎದೆಯಲ್ಲಿ ಏನೋ ಸದ್ದಿಲ್ಲದೆ ಜರುಗಿತು.

ದಿನಗಳು ಓಡಿದವು. ಗೋಡೆ ಉಜ್ಜುವುದು, ಪ್ರೈಮರ್ ಕೊಡುವುದು, ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆಯುವುದು, ಎಲ್ಲವನ್ನೂ ಅವನು ಮಕ್ಕಳಿಗೆ ಕಲಿಸಿದ. ಜೊತೆಗೆ ಅವರ ಮಿಸ್ಸಿಗೂ. ಏಳನೇ ತರಗತಿಗೆ ಶಾಲೆ ಬಿಟ್ಟವನಂತೆ. ಆದರೆ ಗೋಡೆಯ ಬಗ್ಗೆ ಕೇಳಿದರೆ ಪುಸ್ತಕವೇ!

ಒಂದು ಸಂಜೆ ಲಂಬು ಎಂಬ ಹುಡುಗ ಮರಕ್ಕೊರಗಿ ನಿಂತು ಅಂಗಿಯೆಲ್ಲ ಬಿಳಿ ಮಾಡಿಕೊಂಡು ಬಂದ.

"ಮರಕ್ಕೆ ಬಳಿಯೋ ಸುಣ್ಣಕ್ಕೆ ಅಂಟು ಹಾಕಲ್ಲ ಕಣೋ," ಪೇಂಟರ್ ಅವನ ಬೆನ್ನು ಕೊಡವಿದ. "ಅಂಟಿಲ್ಲದ ಸುಣ್ಣ ಬೆನ್ನು ತಾಗಿದ್ರೆ ಬೆನ್ನಿಗೆ, ಕೈ ತಾಗಿದ್ರೆ ಕೈಗೆ. ಒಂದು ಕಡೆ ನಿಲ್ಲಲ್ಲ. ಅದರಲ್ಲೂ ವಾರ್ನಿಷ್ ಮೇಲಂತೂ ಒಂದು ಬಕೆಟ್ ನೀರಿಗೆ ಗಂಟುಮೂಟೆ ಕಟ್ಟುತ್ತೆ."

"ಕೆಲವು ಗಂಡಸರ ಹಾಗೆ," ಎಂದು ಅವಳು ಗೊಣಗಿದಳು.

ಅವಳಿಗೂ ಒಂದು ಕಥೆಯಿತ್ತು. ಒಮ್ಮೆ ನಿಶ್ಚಯವಾಗಿದ್ದ ಮದುವೆ, "ಚಿತ್ರಗಿತ್ರ ಗೀಚೋದೆಲ್ಲ ಬಿಟ್ಟುಬಿಡು" ಎಂದವನ ಒಂದೇ ಮಾತಿಗೆ ಅವಳೇ ಮುರಿದಿದ್ದಳು. ಹತ್ತು ವರ್ಷವಾಗಿತ್ತು. ಪಶ್ಚಾತ್ತಾಪವಿರಲಿಲ್ಲ. ಆದರೆ ನಂಬಿಕೆಯೂ ಉಳಿದಿರಲಿಲ್ಲ.

ಪೇಂಟರ್ ಅವಳತ್ತ ನೋಡದೆಯೇ ಹೇಳಿದ: "ನಾನು ಅಂಟಿಕೊಂಡ್ರೆ ಕೆತ್ತಿದ್ರೂ ಬಿಡಲ್ಲ ಮೇಡಂ."

ಅವಳು ಪ್ರೈಮರ್ ಡಬ್ಬಿಯ ಮುಚ್ಚಳವನ್ನು ಮೂರು ಸಲ ತೆಗೆದು ಮೂರು ಸಲ ಮುಚ್ಚಿದಳು.

"ನಿಮ್ಮ ನೆರಳಿಗೂ ಗೆರೆ ಹಾಕೋಣ ಬನ್ನಿ," ಎಂದಳು ಕೊನೆಗೆ. "ಅಜ್ಜಿ ಪಕ್ಕ ಜಾಗ ಖಾಲಿ ಇದೆ."

"ಬೇಡ. ಬಳಿಯೋನು ಗೋಡೆ ಮೇಲೆ ಇರಬಾರದು. ಅದು ನಮ್ಮ ಕಸುಬಿನ ಮಾತು."

"ಅದೆಂಥ ಮಾತು?"

"ನಮ್ಮಪ್ಪ ಹೇಳ್ತಿದ್ದ. ಬಳಿದ ಮನೆ ಬಿಟ್ಟು ಬರುವಾಗ ನಮ್ಮ ಗುರುತು ಇರಬಾರದು, ಇದ್ರೆ ಅದು ಗೋಡೆಗೊಂದು ಕಲೆ."

ಆ ಜಾಗ ಖಾಲಿಯೇ ಉಳಿಯಿತು.

* * *

ಆಪತ್ತು ಬಂದಿದ್ದು ಕಾರಿನಲ್ಲಿ!

ಅಧ್ಯಕ್ಷರ ಹತ್ತಿರ ಪಾರ್ಕಿನ ದೊಡ್ಡ ಗೇಟಿನ ಬೀಗದಕೈ ಇತ್ತು. ರಸ್ತೆಯಲ್ಲಿ ನಿಲ್ಲಿಸಿದರೆ ಯಾರಾದರೂ ಗೀರಿಬಿಟ್ಟಾರೆಂದು ತಮ್ಮ ಕಾರನ್ನು ದಿನವೂ ಒಳಗೆ ತಂದು, ಮಕ್ಕಳು ಆಡುವ ಹುಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಮಕ್ಕಳು ಎರಡು ತುದಿಗೆ ಕೂತು ಏರಿಳಿಯುವ ಹಲಗೆ ಅದರ ಚಕ್ರಕ್ಕೆ ಸಿಕ್ಕು ಬಾಗಿ ಎರಡು ವರ್ಷವಾಗಿತ್ತು. ಕೇಳುವವರಿಲ್ಲ.

ನಾಲ್ಕು ಗಂಟೆಗೆ ಆ ಕಾರಿನ ನೆರಳೂ ಗೋಡೆಯ ಮೇಲೆ ಬಿತ್ತು.

"ಮಿಸ್..." ಮೆಣಸಿನಕಾಯಿಯ ಕೈಯಲ್ಲಿ ಇದ್ದಿಲು ಸಿದ್ಧವಾಗಿತ್ತು. "ನಿಯಮ ಅಂದ್ರೆ ನಿಯಮ ತಾನೇ?"

ಪೇಂಟರ್ ತಲೆಯಾಡಿಸಿದ. "ಬೇಡ ಮೇಡಂ. ಅವರು ಸುಮ್ಮನಿರೋ ಮನುಷ್ಯ ಅಲ್ಲ."

"ಹೆದರಿಕೆನಾ?"

ಅವನು ಬ್ರಷ್ಷು ತೊಳೆಯತೊಡಗಿದ.

"ಹಾಕು ಗೆರೆ!" ಎಂದಳು ಅವಳು.

ನೆಗ್ಗಿದ ಬಂಪರಿನ ಸಮೇತ ಕಾರು ಗೋಡೆಯೇರಿತು. ಅದರಡಿಯಲ್ಲಿ ಬಾಗಿದ ಹಲಗೆ, ಪಕ್ಕದಲ್ಲಿ ಆಡಲು ಜಾಗವಿಲ್ಲದೆ ನಿಂತ ಮಕ್ಕಳು. ಬುಧವಾರ ಕೊನೆಯ ಬಣ್ಣ ಮುಗಿಯಿತು. ಪೇಂಟರ್ ಇಡೀ ಗೋಡೆಗೆ ಎರಡು ಸಲ ವಾರ್ನಿಷ್ ಕೊಟ್ಟ. ಗೋಡೆ ಒದ್ದೆ ಕಣ್ಣಿನ ಹಾಗೆ ಹೊಳೆಯಿತು.

ಗುರುವಾರ ಅಧ್ಯಕ್ಷರು ಮೊದಲ ಸಲ ಗೋಡೆಯ ಹತ್ತಿರ ಬಂದರು.

"ಹೂವು ಬಿಡಿಸಿ ಅಂದ್ರೆ ನನ್ನ ಕಾರು ಬಿಡಿಸಿದ್ದೀರಾ?"

"ಹೂವಿನ ಮೇಲೆ ಕಾರು ನಿಂತಿತ್ತು ಸರ್. ಹೂವು ಕಾಣಲಿಲ್ಲ," ಎಂದಳು ಅವಳು.

ಶುಕ್ರವಾರ ಹೆಡ್‌ಮಾಸ್ಟರು ಅವಳನ್ನು ಕೋಣೆಗೆ ಕರೆದು ಕಾಗದವೊಂದನ್ನು ಮುಂದೆ ತಳ್ಳಿದರು. ಅವಳಾಗಲಿ ಮಕ್ಕಳಾಗಲಿ ಇನ್ನು ಪಾರ್ಕಿನೊಳಗೆ ಕಾಲಿಡಬಾರದು. ಇಟ್ಟರೆ ಕೆಲಸದಿಂದ ಅಮಾನತು.

"ಸಹಿ ಮಾಡಮ್ಮ. ಗೋಡೆಗೋಸ್ಕರ ಕೆಲಸ ಕಳ್ಕೋತೀಯಾ?"

ಅವಳು ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಸಹಿ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ, ಶಾಲೆಗೆ ಹೋಗುವ ಮುನ್ನ, ತಡೆಯಲಾರದೆ ಪಾರ್ಕಿಗೆ ಓಡಿದಳು...

ಗೋಡೆ ಬೆಳ್ಳಗಿತ್ತು.

ನರ್ಸುಗಳಿರಲಿಲ್ಲ. ನಾಯಿ ಇರಲಿಲ್ಲ. ಗಾಲಿಕುರ್ಚಿಯ ಹುಡುಗಿ ಇರಲಿಲ್ಲ. ಕೊನೆಗೆ ಉಳಿದಿದ್ದ ಒಂದೇ ಒಂದು ಮುಖ ಅಜ್ಜಿಯದು. ಅದರ ಮುಂದೆ ಸುಣ್ಣದ ಬಕೆಟ್ ಹಿಡಿದು ನಿಂತಿದ್ದವನು... ಅವನೇ! ಹತ್ತು ಹೆಜ್ಜೆ ಹಿಂದೆ ಅಧ್ಯಕ್ಷರು ಕೈಕಟ್ಟಿ ನಿಂತಿದ್ದರು.

ಅವಳ ಕಣ್ಣೆದುರೇ ಅವನು ಬ್ರಷ್ಷೆತ್ತಿ ತಾಯಿಯ ಮುಖದ ಮೇಲೆ ಎಳೆದ.

"ನಿಲ್ಸಿ!" ಅವಳ ದನಿ ಚೀರಿತು. "ಹೆತ್ತ ತಾಯಿ ಮುಖಕ್ಕೆ ಸುಣ್ಣ ಬಳಿತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಅವನು ಅಧ್ಯಕ್ಷರಿಗೆ ಬೆನ್ನು ಮಾಡಿ ಅವಳತ್ತ ತಿರುಗಿದ. ಮುಖ ಕಲ್ಲಾಗಿತ್ತು. "ಮನೆಗೆ ಹೋಗಿ ಮೇಡಂ," ಎಂದ ಮೆಲ್ಲಗೆ. "ನಾಳೆ ಬನ್ನಿ."

ಸಿಟ್ಟಿಗೆ ಕಣ್ಣಿಲ್ಲ ಎನ್ನುತ್ತಾರೆ. ಸುಳ್ಳು. ಸಿಟ್ಟಿಗೆ ಕಣ್ಣಿರುತ್ತದೆ, ಕಿವಿ ಇರುವುದಿಲ್ಲ. 'ಮನೆಗೆ ಹೋಗಿ' ಎಂದಷ್ಟೇ ಅವಳಿಗೆ ಕೇಳಿಸಿತು.

"ಕೆತ್ತಿದ್ರೂ ಬಿಡಲ್ಲ ಅಂದ್ರಲ್ಲ? ಅಧ್ಯಕ್ಷರು ಕೆಮ್ಮಿದ್ದಕ್ಕೇ ಉದುರಿಬಿಟ್ರಿ! ಇನ್ನು ನಿಮ್ಮ ಮುಖ ನೋಡಲ್ಲ ನಾನು."

ಗೇಟಿನಾಚೆ ಶಾಲೆಗೆ ಹೊರಟ ಮಕ್ಕಳು ಗುಂಪಾಗಿ ನಿಂತಿದ್ದರು. ಮೆಣಸಿನಕಾಯಿ ಅಳುತ್ತಿದ್ದಳು. ಆ ಹುಡುಗಿ ಅತ್ತಿದ್ದನ್ನು ಅದಕ್ಕೂ ಮುಂಚೆ ಯಾರೂ ನೋಡಿರಲಿಲ್ಲ.

* * *

ಅವಳು ಇದ್ದದ್ದು ಅಕ್ಕನ ಜೊತೆ; ಮನೆಯ ಮುಂದಿನ ಕೋಣೆಯೇ ಅಕ್ಕನ ಹೊಲಿಗೆ ಅಂಗಡಿ. ತಂಗಿ ಅಲ್ಲೇ ಬಟ್ಟೆಯ ಚೂರುಗಳ ನಡುವೆ ಗೋಡೆಗೊರಗಿ ಕೂತಿದ್ದಳು. ಮೊಬೈಲು ಆರು ಸಲ ಬಡಿದುಕೊಂಡಿತು. ಏಳನೆಯ ಸಲಕ್ಕೆ ಅವಳು ಅವನ ನಂಬರನ್ನೇ ಬ್ಲಾಕ್ ಮಾಡಿದಳು.

"ತಪ್ಪು ಮಾಡಿದೋನು ಏಳು ಸಲ ಫೋನ್ ಮಾಡಲ್ಲ ಕಣೇ," ಅಕ್ಕ ಮಿಷಿನ್ನಿನಿಂದ ತಲೆಯೆತ್ತದೆ ಹೇಳಿದಳು. "ಬಚ್ಚಿಟ್ಕೋತಾನೆ."

"ನೀನು ನೋಡಿಲ್ಲ ಅಕ್ಕ. ನಾನು ನೋಡಿದೆ."

"ಏನು ನೋಡಿದೆ? ಬಟ್ಟೆ ಮೇಲ್ಭಾಗ ನೋಡಿದೆ. ಒಳಗಿನ ಹೊಲಿಗೆ ತಿರುವಿ ನೋಡಿದ್ಯಾ?"

"ನಿನ್ನ ಹೊಲಿಗೆ ಬುದ್ಧಿ ನೀನೇ ಇಟ್ಕೋ!"

"ಇಟ್ಕೋತೀನಿ ಬಿಡು. ಗಿರಾಕಿಗಳು ಬೈಯೋದಕ್ಕಿಂತ ನೀನು ಬೈಯೋದು ಕಮ್ಮಿನೇ." ಅಕ್ಕ ದಾರ ಕಚ್ಚಿ ತುಂಡರಿಸಿದಳು. "ಒಂದು ಕೇಳ್ತೀನಿ, ಹೇಳು. ನಿನಗೆ ನೋವಾಗಿರೋದು ಗೋಡೆಗಾ, ಅವನಿಗಾ?"

ಅವಳು ಮೊಣಕಾಲಲ್ಲಿ ಮುಖ ಹುದುಗಿಸಿದಳು. ಉತ್ತರ ಅಕ್ಕನಿಗೆ ಸಿಕ್ಕಿತು. 

ಸಂಜೆಯ ಹೊತ್ತಿಗೆ ಅವಳು ಎದ್ದು ಮುಖ ತೊಳೆದಳು. ಚೀಲದಿಂದ ಹೆಡ್‌ಮಾಸ್ಟರ ಕಾಗದ ತೆಗೆದು, ಅದರ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಳು: 'ಭಾನುವಾರ ಪಾರ್ಕಿಗೆ ಹೋಗುತ್ತೇನೆ.' ಅದರ ಕೆಳಗೆ ಸಹಿ ಮಾಡಿದಳು.

"ಸೋಮವಾರ ಕೊಡ್ತೀನಿ," ಎಂದಳು. "ಬಿಳಿ ಮಾಡಿದ್ರೆ ಮತ್ತೆ ಬಣ್ಣ ಹಚ್ತೀವಿ. ಮತ್ತೆ ಬಿಳಿ ಮಾಡಿದ್ರೆ ಮತ್ತೆ ಹಚ್ತೀವಿ. ಅವರ ಸುಣ್ಣ ಮೊದಲು ಮುಗಿಯುತ್ತೋ ನಮ್ಮ ಬಣ್ಣವೋ, ನೋಡೇಬಿಡೋಣ!"

ಅಕ್ಕ ಹಳೆಯ ಬಟ್ಟೆಯ ಚೂರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಟ್ಟಳು. "ತಗೋ. ಕೈ ಒರೆಸೋಕೆ ಬೇಕಾಗುತ್ತೆ."

* * *

ಭಾನುವಾರ. ತೀರ್ಪುಗಾರರು ಮೂವರು, ಅವರಲ್ಲಿ ಹಿರಿಯರು ಬಿಳಿ ಕೂದಲಿನ ಒಬ್ಬ ಹೆಂಗಸು, ನಗರಸಭೆಯ ಉದ್ಯಾನ ಅಧಿಕಾರಿ. ಅಧ್ಯಕ್ಷರು ಅವರಿಗೆ ಒಂದೊಂದೇ ಗಿಡ ತೋರಿಸುತ್ತಿದ್ದರು. ಕಾರು ಅಂದು ಹೊರಗಿತ್ತು. ಹುಲ್ಲಿನ ಮೇಲೆ ಚಕ್ರದ ಎರಡು ಹಳ್ಳಗಳು ಮಾತ್ರ ಉಳಿದಿದ್ದವು.

"ಮಕ್ಕಳ ಚಿತ್ರ ಇದೆ ಅಂತ ಅರ್ಜಿಲಿ ಬರೆದಿದ್ರಿ?" ಹಿರಿಯಾಕೆ ಬೋಳು ಗೋಡೆಯನ್ನು ನೋಡಿದರು.

"ಮಕ್ಕಳು ಮಾಡಲಿಲ್ಲ ಮೇಡಂ. ಈಗಿನ ಮಕ್ಕಳಿಗೆ ಎಲ್ಲಿ ಆಸಕ್ತಿ?"

"ಸುಳ್ಳು!"

ಎಲ್ಲರೂ ತಿರುಗಿದರು. ಗೇಟಿನಲ್ಲಿ ಇಪ್ಪತ್ತೆರಡು ಮಕ್ಕಳು. ಕೈಯಲ್ಲಿ ಬ್ರಷ್ಷು, ಬಣ್ಣದ ಡಬ್ಬಿ. ಮುಂದೆ ಅವಳು. ಕಾವಲುಗಾರ ತಡೆಯಬೇಕಿತ್ತು. ಅವನು ನಿಂತೇ ನಿದ್ದೆ ಮಾಡುತ್ತಿದ್ದ, ಒಂದು ಕಣ್ಣು ಮಾತ್ರ ತೆರೆದಿತ್ತು!

"ಒಳಗೆ ಕಾಲಿಟ್ರೆ ನಿಮ್ಮ ಕೆಲಸ ಹೋಗುತ್ತೆ," ಅಧ್ಯಕ್ಷರು ಹಲ್ಲು ಕಡಿದರು.

"ಹೋಗ್ಲಿ. ಅದು ಹೋದ್ರೆ ಇಡೀ ದಿನ ಗೋಡೆ ಬಳಿಯೋಕೆ ಪುರುಸೊತ್ತು ಸಿಗುತ್ತೆ."

ಅವಳು ನೇರ ಗೋಡೆಯತ್ತ ನಡೆದಳು. ನಲ್ಲಿಯ ಹತ್ತಿರ ಪೇಂಟರ್ ನಿಂತಿದ್ದ, ಗಿಡಕ್ಕೆ ನೀರು ಹಾಯಿಸುವ ಪೈಪು ಹಿಡಿದು. ಅವಳು ಅವನತ್ತ ನೋಡಲಿಲ್ಲ. ಬಾಡಿಗೆ ಬಂಟ... ಎಲ್ಲರೂ ಒಂದೇ...

ಅಜ್ಜಿಯ ಮುಖವಿದ್ದ ಜಾಗ ಎಲ್ಲಿ ಎಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅಲ್ಲಿ ಅಂಗೈ ಊರಿದಳು.  'ಕ್ಷಮಿಸಿ ಅಜ್ಜಿ. ಮತ್ತೆ ಮೊದಲಿಂದ...'

ಕೈ ತೆಗೆದಾಗ ಅಂಗೈ ಬೆಳ್ಳಗಿತ್ತು.

ಗೋಡೆಯ ಮೇಲೆ ಐದು ಬೆರಳ ಅಚ್ಚು. ಆ ಅಚ್ಚಿನೊಳಗಿಂದ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು!

ಅಜ್ಜಿಯ ಕಣ್ಣು.

ಅವಳ ಉಸಿರು ನಿಂತಿತು. ಅಂಟಿಲ್ಲದ ಸುಣ್ಣ... ಕೈ ತಾಗಿದ್ರೆ ಕೈಗೆ... ವಾರ್ನಿಷ್ ಮೇಲಂತೂ...

ಅಂಟು ಹಾಕಿಲ್ಲ! ಇವನು ಅಂಟು ಹಾಕಿಲ್ಲ!

ತಿರುಗಿ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಕಲ್ಲಿನ ಮುಖ ಒಂದು ಕ್ಷಣ ಸಡಿಲವಾಯಿತು. ಅವಳು ಬೆಳ್ಳಗಿನ ಅಂಗೈಯನ್ನು ಎತ್ತಿ ತೋರಿಸಿದಳು. ಅವನು ನಲ್ಲಿ ತಿರುವಿದ.

ನೀರು ಚಿಮ್ಮಿತು! ಸುಣ್ಣ ಹಾಲಿನಂತೆ ಇಳಿಯತೊಡಗಿತು.

"ಬಣ್ಣ ಕೆಳಗಿಡಿ, ಬಟ್ಟೆ ತಗೊಳ್ಳಿ!" ಎಂದು ಅವಳು ಕೂಗುವಷ್ಟರಲ್ಲಿ ಮಕ್ಕಳು ಅಕ್ಕನ ಚೂರುಬಟ್ಟೆಗಳ ಚೀಲಕ್ಕೆ ಮುಗಿಬಿದ್ದಿದ್ದರು.

"ಏಯ್, ನಿಲ್ಸೋ!" ಅಧ್ಯಕ್ಷರು ಕಿರುಚಿದರು. "ಸುಣ್ಣ ಬಳಿ ಅಂತ ನಿನಗೆ ಆದೇಶ ಕೊಟ್ಟಿದ್ದೆ!"

"ಬಳಿದೆನಲ್ಲ ಸಾರ್. ನೀವೇ ನಿಂತು ನೋಡಿದ್ರಿ," ಅವನು ಪೈಪನ್ನು ಇನ್ನೂ ಎತ್ತರಕ್ಕೆ ಹಿಡಿದ. "ತೊಳೀಬಾರದು ಅಂತ ಆದೇಶದಲ್ಲಿ ಎಲ್ಲೂ ಇರಲಿಲ್ಲ."

ಸುಣ್ಣದಡಿಯಿಂದ ನರ್ಸುಗಳು ಬಂದರು. ನಾಯಿ ಬಂತು. ಗಾಲಿಕುರ್ಚಿಯ ಹುಡುಗಿ ನಗುತ್ತಾ ಬಂದಳು. ಕೊನೆಗೆ, ನೆಗ್ಗಿದ ಬಂಪರಿನ ಕಾರು ಬಂತು.

ಹಿರಿಯಾಕೆ ಗೋಡೆಯ ಕಾರನ್ನು ನೋಡಿದರು. ಹುಲ್ಲಿನ ಹಳ್ಳಗಳನ್ನು ನೋಡಿದರು. ಬಾಗಿದ ಹಲಗೆಯನ್ನು ನೋಡಿದರು. "ಯಾರ ಕಾರು ಇದು?"

 ಬೆಂಚಿನ ಮೇಲಿಂದ ಅಜ್ಜಿ ಕೆಮ್ಮಿದಳು.

"ನಾನು ಮೂವತ್ತಾರು ವರ್ಷ ಗುಡಿಸಿದ್ದೀನಿ ತಾಯಿ. ಎಲೆ ಗುಡಿಸಬಹುದು, ಕಾಗದ ಗುಡಿಸಬಹುದು. ಕಾರು ಗುಡಿಸೋ ಪೊರಕೆ ನನಗೆ ಯಾರೂ ಕೊಡಲಿಲ್ಲ. ಈ ಮಕ್ಕಳಿಗೆ ಸಿಕ್ತು ನೋಡಿ!"

ಪಾರ್ಕಿಗೆ ಬಹುಮಾನ ಬರಲಿಲ್ಲ. ಸಮಾಧಾನಕರ ಬಹುಮಾನವೂ ಇಲ್ಲ. ಹಾಳಾದ ಹುಲ್ಲಿಗೆ ಅಂಕ ಕಳೆದರಂತೆ. ಆದರೆ ಹೊರಡುವ ಮುನ್ನ ಆ ಹಿರಿಯಾಕೆ ದೊಡ್ಡ ಗೇಟಿನ ಬೀಗದಕೈ ಕೇಳಿ ಪಡೆದು ಕಾವಲುಗಾರನ ಕೈಯಲ್ಲಿಟ್ಟರು. "ಗೋಡೆ ಹೀಗೇ ಇರುತ್ತೆ ಅಂತ ವರದಿಲಿ ಬರೀತೀನಿ," ಎಂದರು. ಕಾರು ಮತ್ತೆಂದೂ ಒಳಗೆ ಬರಲಿಲ್ಲ.

* * *

ಜನ ಕರಗಿದ ಮೇಲೆ ಅವಳು ಅವನ ಹತ್ತಿರ ಬಂದಳು. ಅವನು ಪೈಪು ಸುತ್ತುತ್ತಿದ್ದ. ಮುಖದಲ್ಲೊಂದು ಸಣ್ಣ ನಗು ಕಾಯುತ್ತಿತ್ತು.

"ನಗಬೇಡಿ," ಎಂದಳು. "ನನಗೆ ಯಾಕೆ ಹೇಳಲಿಲ್ಲ?"

ನಗು ಮಾಯವಾಯಿತು. "ನಾನು ಒಲ್ಲೆ ಅಂದಿದ್ರೆ ಬೇರೆಯವರನ್ನ ಕರೆಸಿ ಗಾರೆ ಸಮೇತ ಕೆತ್ತಿಸ್ತಿದ್ರು. ಶುಕ್ರವಾರ ಸಂಜೆ ಹೊತ್ತು ಮುಳುಗೋವಾಗ ಹೇಳಿ ಕಳಿಸಿದ್ರು, ಬೆಳಿಗ್ಗೆಯಿಂದ ಪಕ್ಕದಲ್ಲೇ ನಿಂತಿದ್ರು. ನಾಳೆ ಬನ್ನಿ ಅಂದೆ. ಏಳು ಸಲ ಫೋನ್ ಮಾಡಿದೆ."

"ಮನೆ ಹತ್ರ ಬರಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಬರಬಹುದಿತ್ತು... ಬೀದಿ ತುದಿವರೆಗೂ ಬಂದಿದ್ದೆ. ನೀವು ಅಂದ ಮಾತು ಚುಚ್ತಿತ್ತು. ಇಷ್ಟು ದಿನ ನೋಡಿದೋಳು, ನನ್ನನ್ನ ಅಷ್ಟೇನಾ ಅಂದ್ಕೊಂಡಳು ಅಂತ ಸಿಟ್ಟು ಬಂತು. ವಾಪಸ್ ಹೋದೆ."

"ನಿಮ್ಮ ಸಿಟ್ಟಿಗೆ ಆ ಮಗು ಒಂದು ದಿನ ಪೂರ್ತಿ ಅತ್ತಿದೆ," ಎಂದಳು ಅವಳು. "ನಾನು... ನಾನೂ ಅತ್ತಿದ್ದೀನಿ. ನನ್ನ ಗೋಡೆ ಕಾಪಾಡಿದ್ರಿ, ಸರಿ. ಆದ್ರೆ ನನಗೆ ಹೇಳದೆ ನನ್ನನ್ನ ಕಾಪಾಡೋರು ನನಗೆ ಬೇಡ. ಜೊತೆಗೆ ನಿಂತು ಜಗಳ ಆಡೋರು ಬೇಕು!"

ಅವನು ಪೈಪನ್ನು ಕೆಳಗಿಟ್ಟ. ಆಮೇಲೆ ನೇರವಾಗಿ ಮಕ್ಕಳ ಗುಂಪಿನತ್ತ ಹೋಗಿ, ಮೆಣಸಿನಕಾಯಿಯ ಮುಂದೆ ಮಂಡಿಯೂರಿ ಕೂತ.

"ತಪ್ಪಾಯ್ತು ಕಣಮ್ಮ. ನಿಮಗೆ ಮೊದಲೇ ಹೇಳಬೇಕಿತ್ತು."

ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. "ಶಿಕ್ಷೆ ಇದೆ ಪೇಂಟರ್ ಮಾಮ. ಅಜ್ಜಿ ಪಕ್ಕ ಖಾಲಿ ಜಾಗ ಇದೆಯಲ್ಲ, ಅಲ್ಲಿ ನಿಂತ್ಕೊಳ್ಳಿ."

"ಅದು... ಬಳಿಯೋನು ಗೋಡೆ ಮೇಲೆ..."

"ಹೋಗಿ ನಿಂತ್ಕೊಳ್ಳೋ!" ಎಂದಳು ಅಜ್ಜಿ. "ನಿಮ್ಮಪ್ಪ ಊರೆಲ್ಲ ಬಳಿದ. ಅವನ ನೆನಪಿಗೆ ಒಂದು ಗೆರೆ ಎಲ್ಲಾದ್ರೂ ಉಳಿದಿದ್ಯಾ?"

ನಾಲ್ಕು ಗಂಟೆಯಾಗಿತ್ತು. ಬಿಸಿಲು ಗೋಡೆಯ ಮೇಲೆ ಮಲಗಿತ್ತು. ಅವನು ಹೋಗಿ ನಿಂತ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ. ಅವಳು ಇದ್ದಿಲು ಹಿಡಿದು ಹತ್ತಿರ ಬಂದಳು. ಭುಜದಿಂದ ಗೆರೆ ಶುರುಮಾಡಿದಳು. 

"ನನ್ನದೂ ತಪ್ಪಿದೆ," ಎಂದಳು ಅವನಿಗಷ್ಟೇ ಕೇಳುವಂತೆ. "ನಿಮ್ಮ ಮಾತು ನಂಬಬೇಕಿತ್ತು. ಸುಣ್ಣ ನಂಬಿದೆ."

"ನಾಳೆ ನಿಮ್ಮ ಕೆಲಸ?"

"ಹೋದ್ರೆ ಜಗಳ ಆಡ್ತೀನಿ. ನಿಮ್ಮದು?"

"ಈ ಪಾರ್ಕಲ್ಲಂತೂ ಇನ್ನು ಯಾರೂ ಕರೆಯಲ್ಲ." ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಮೇಡಂ... ನನಗೆ ಚೆನ್ನಾಗಿ ಮಾತಾಡೋಕೆ ಬರಲ್ಲ. ನೀವು ಅವತ್ತು ಏಣಿ ಇಳಿದು ಬಂದು 'ಗೊತ್ತಿರಲಿಲ್ಲ' ಅಂದ್ರಲ್ಲ... ಅವತ್ತೇ ಅಂಟಿಕೊಂಡುಬಿಟ್ಟೆ. ಕೆತ್ತಿದ್ರೂ ಬಿಡಲ್ಲ."

ಇದ್ದಿಲು ಅರ್ಧದಲ್ಲಿ ನಿಂತಿತು.

"ಮಿಸ್!" ಹಿಂದಿನಿಂದ ಮೆಣಸಿನಕಾಯಿ ಕೂಗಿದಳು. "ನಿಮ್ಮ ನೆರಳೂ ಬಿದ್ದಿದೆ! ಮಾಮನ ನೆರಳಿಗೆ ಸೇರ್ಕೊಂಡುಬಿಟ್ಟಿದೆ, ಎಲ್ಲಿ ಯಾರದ್ದು ಅಂತಾನೇ ಗೊತ್ತಾಗ್ತಿಲ್ಲ!"

ಅವಳು ಗೋಡೆ ನೋಡಿದಳು. ನಿಜ. ಎರಡು ತಲೆ, ಒಂದೇ ಮೈ. ಕೆನ್ನೆ ಉರಿಯಿತು. ಸರಿಯಬೇಕೆಂದು ಒಂದು ಕಾಲೆತ್ತಿದಳು... ಮತ್ತೆ ಅಲ್ಲೇ ಊರಿದಳು.

ಇದ್ದಿಲನ್ನು ಹಿಂದಕ್ಕೆ ಚಾಚಿ ಹುಡುಗಿಯ ಕೈಗೆ ಕೊಟ್ಟಳು.

"ನಿಯಮ ಅಂದ್ರೆ ನಿಯಮ. ಹಾಕು ಗೆರೆ."

"ಅಲ್ಲಾಡಬಾರದಾ?" ಅವನು ಪಿಸುಗುಟ್ಟಿದ.

"ಅಲ್ಲಾಡಬಾರದು."

"ಎಷ್ಟು ಹೊತ್ತು?"

"ಬಿಸಿಲು ಇರೋವರೆಗೂ."

"ಆಮೇಲೆ?"

ಅವಳ ಬೆಳ್ಳಗಿನ ಅಂಗೈ ಅವನ ಬಣ್ಣ ಮೆತ್ತಿದ ಅಂಗೈಯನ್ನು ಹುಡುಕಿ ಹಿಡಿಯಿತು.

"ಆಮೇಲೆ ಮನೆಗೆ ಬನ್ನಿ. ಬೀದಿ ತುದಿಯಿಂದ ವಾಪಸ್ ಹೋಗಬೇಡಿ."